ಹಾಳು ಹಂಪಿ, ಹೊಸ ಗೆಳೆಯ

"ಇದೇನೋ, ಎಲ್ಲಾ ಮುರಿದು ಬಿದ್ದಿದೆ?"

"1565ರಲ್ಲಿ ತಾಳಿಕೋಟೆ ಯುದ್ಧ ಆಯ್ತಲ್ಲ ಮಾರಾಯ, ಆಮೇಲೆ ಸುಲ್ತಾನರ ಸೈನ್ಯದ ಲೂಟಿ."

"ಇಷ್ಟು ವರ್ಷ ಆದ್ರೂ ರಿಪೇರಿ ಮಾಡ್ಸಿಲ್ವಾ?"

ಉಗ್ರನರಸಿಂಹನ ಮುಂದೆ ನಿಂತೆವು. "ಕೃಷ್ಣದೇವರಾಯನ ಕಾಲದ್ದು, 1528. ಎತ್ತರ 6.7 ಮೀಟರ್, ಒಂದೇ ಬಂಡೆ!"

"ಇರ್ಲಿ, ಫೋಟೋ ತೆಗಿ. ನರಸಿಂಹ ಅಡ್ಡ ಬರದ ಹಾಗೆ ನೋಡ್ಕೋ."

ವಿಠ್ಠಲ ದೇವಸ್ಥಾನದಲ್ಲಿ ಗೆಳೆಯ ಸಂಗೀತದ ಕಂಬ ಬಡಿಯಲು ಕೈ ಎತ್ತಿದ. ಕಾವಲಿನವನು ಸೀಟಿ ಊದಿದ.

"ಕೇಳಿದ್ಯಾ? ಕಂಬ ನುಡೀತು!"

(ಸುಲ್ತಾನರ ಸೈನ್ಯ ಉಳಿಸಿ ಹೋದದ್ದನ್ನು ಮುಗಿಸುವವರು ಇಂಥವರೇ.)

"ಈ ಕಲ್ಲಿನ ರಥ ಎಲ್ಲೋ ನೋಡಿದೀನಿ ಕಣೋ."

"ನಿನ್ನ ಜೇಬಲ್ಲಿರೋ ಐವತ್ತರ ನೋಟಿನ ಹಿಂದೆ."

"ಥತ್! ಮೊದಲೇ ಹೇಳೋದಲ್ವಾ? ಪೆಟ್ರೋಲ್ ಖರ್ಚಾದ್ರೂ ಉಳೀತಿತ್ತು."

ಓದುಗರೇ, ಮುಂದಿನ ವಾರ ಅವನು ಬಾದಾಮಿಗೆ ಹೊರಟಿದ್ದಾನೆ. ನಿಮ್ಮಲ್ಲಿ ಯಾರಾದರೂ ಜೊತೆಗೆ ಹೋಗಿ, ನನಗೆ ಪುರುಸೊತ್ತಿಲ್ಲ.