ಎದೆಮಟ್ಟದ ಕುಲಪತಿ

ನಮ್ಮ ಪಾರಿಶ್ವಾಡದಲ್ಲಿ ಪಟ್ಟಿ ಎತ್ತುವುದು ಕಷ್ಟದ ಕೆಲಸವೇನಲ್ಲ. ಜಾತ್ರೆ ಬಂತೆಂದರೆ ನಾಲ್ಕು ಮಂದಿ ಹಿರಿಯರು ಪಾವತಿ ಪುಸ್ತಕ ಹಿಡಿದು ಓಣಿ ಹೊಕ್ಕರೆ ಸಾಕು. ರೊಕ್ಕ ಇದ್ದವರು ರೊಕ್ಕ ಕೊಡುತ್ತಾರೆ, ಇಲ್ಲದವರು ಜೋಳದ ಚೀಲ ಹೊರಿಸುತ್ತಾರೆ, ಅದೂ ಆಗದವರು ಪ್ರಸಾದಕ್ಕೆ ಬೆಲ್ಲ ಬರೆಸುತ್ತಾರೆ. ಗುಡಿಯ ಶಿಖರಕ್ಕೆ, ಭಜನಿ ಮೇಳದ ಪೇಟಿಗೆ, ಕುಸ್ತಿಯ ಇನಾಮಿಗೆ ಇಲ್ಲವೆಂದವರನ್ನು ನಾನು ಕಂಡಿಲ್ಲ. ಆದರೆ ನಿವೃತ್ತ ಕುಲಪತಿಯೊಬ್ಬರ ಎಣ್ಣೆಬಣ್ಣದ ಚಿತ್ರಕ್ಕೆ ಪಟ್ಟಿ ಕೇಳಿ ನೋಡಿ.

ಹಳೆಯ ವಿದ್ಯಾರ್ಥಿಗಳ ಸಂಘದವರು ತಾಲೂಕಿಗೊಬ್ಬರನ್ನು ಆರಿಸಿದರು. ಖಾನಾಪುರಕ್ಕೆ ನಾನು. ಪೆನ್ಷನ್ ತಗೊಂಡ ಮಾಸ್ತರನಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ ಎಂಬುದು ಸಂಘದ ಗಟ್ಟಿ ನಂಬಿಕೆ. ಕುಲಪತಿಗಳ ಹೆಸರು, ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಅವರು ಒಳ್ಳೆಯವರು, ಇನ್ನೂ ಬದುಕಿದ್ದಾರೆ. ಈ ಎರಡೂ ಸಂಗತಿಗಳು ನನ್ನ ಕೆಲಸಕ್ಕೆ ಅಡ್ಡ ಬಂದವು.

ಮೊದಲು ಚಿತ್ರಗಾರರನ್ನು ಕಂಡು ದರ ಕೇಳಿದೆವು. ಬೆಳಗಾವಿ ಎಂದರೆ ಭಾವಚಿತ್ರಕ್ಕೆ ಹೆಸರಾದ ಕೆ.ಬಿ. ಕುಲಕರ್ಣಿಯವರ ಊರು, ಅಲ್ಲಿ ಕುಂಚ ಹಿಡಿದವನು ಅಗ್ಗಕ್ಕೆ ಸಿಗುವುದಿಲ್ಲ. ಪೂರ್ತಿ ನಿಂತ ಚಿತ್ರಕ್ಕೆ ಒಂದು ದರ, ಕುರ್ಚಿಯಲ್ಲಿ ಕೂತದ್ದಕ್ಕೆ ಒಂದು, ಎದೆಮಟ್ಟಕ್ಕೆ ಒಂದು. ಕೈ ಬಂದರೆ ಮೇಲೆ ಹೆಚ್ಚಿಗೆ. "ಮಾರಿ ಲಗೂನ ಕೂಡತೈತ್ರಿ ಮಾಸ್ತರ. ಬೆರಳು ಕೂಡೂದಿಲ್ಲ" ಎಂದರು. ಸಭೆಯಲ್ಲಿ ಒಮ್ಮತದಿಂದ ಪೂರ್ತಿ ಚಿತ್ರವೇ ಆಗಲಿ ಎಂದು ಠರಾವಾಯಿತು: ನಿಂತ ಭಂಗಿ, ಮೈಮೇಲೆ ಘಟಿಕೋತ್ಸವದ ಗೌನು, ಕೈಯಲ್ಲಿ ಸುರುಳಿ, ಕಾಲಲ್ಲಿ ಮಿಂಚುವ ಬೂಟು. ತಲೆಯ ಮೇಲೆ ಪಟಗಾ ಇರಬೇಕೋ ಬೇಡವೋ ಎಂಬ ಚರ್ಚೆಯಲ್ಲೇ ಚಹಾ ಎರಡು ಸಲ ಬಂತು. ರೊಕ್ಕದ ಮಾತು ಮಾತ್ರ ಬರಲಿಲ್ಲ.

ಊರಿಗೆ ಬಂದು ಮೊದಲ ಮನೆಗೆ ಹೋದೆ. ನಮ್ಮ ಹಳೆಯ ವಿದ್ಯಾರ್ಥಿ ಹೊಲಕ್ಕೆ ಹೋಗಿದ್ದ. ಅವನ ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ವಿಷಯ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು.

"ಯಾವಾಗ ತೀರಿಕೊಂಡ್ರಪಾ?"

"ಇಲ್ಲ ಯವ್ವಾ, ಗಟ್ಟಿಮುಟ್ಟ ಅದಾರ."

"ಮತ್ತ ಗ್ವಾಡಿಗೆ ಫೋಟೋ ಯಾಕ ಹಾಕ್ತೀರಿ? ಬದುಕಿದ್ದವರಿಗೆ ಹಿಂಗ ಮಾಡಬಾರದು ತಮ್ಮಾ." ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೈಗಿಟ್ಟು, "ಇದರಾಗ ಅವರಿಗೆ ಬಾಳಿಹಣ್ಣು ಕೊಡಸು" ಎಂದಳು. ಪಾವತಿ ಹರಿದೆ. ಆದರೆ ಬಾಳೆಹಣ್ಣನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂದು ಖಜಾಂಚಿ ಇಂದಿಗೂ ಕೇಳುತ್ತಿದ್ದಾರೆ.

ಕುಲಪತಿಗಳ ಒಳ್ಳೆಯತನದ ತೊಂದರೆ ಇನ್ನೂ ದೊಡ್ಡದು. ಕೆಟ್ಟ ಸಾಹೇಬನಾಗಿದ್ದರೆ ಬೈಯುವುದಕ್ಕಾದರೂ ನಾಲ್ಕು ಜನ ಸೇರುತ್ತಾರೆ, ಬೈದಾದ ಮೇಲೆ ಪಾಪವೆನಿಸಿ ನೂರು ರೂಪಾಯಿ ಬಿಚ್ಚುತ್ತಾರೆ. ಇವರ ಕಾಲದಲ್ಲಿ ಸಂಪಿಲ್ಲ, ಗದ್ದಲವಿಲ್ಲ, ಲಾಠಿಯಿಲ್ಲ.

"ಏನ್ ಮಾಡಿದ್ರ ಅವರು?" ಎಂದು ಕಿರಾಣಿ ಅಂಗಡಿಯ ಪದವೀಧರ ಕೇಳಿದ.

"ಪರೀಕ್ಷಾ ವ್ಯಾಳ್ಯಾಕ್ಕ ಆಗತಿದ್ವು."

"ಅದು ಆಗಾಕs ಬೇಕಲ್ರಿ. ಅದಕ್ಕೇನ್ ಫೋಟೋ?"

ಉತ್ತರ ಹೊಳೆಯಲಿಲ್ಲ. ಬೂಟು ಹೋಯಿತು.

ಇನ್ನೊಂದು ಮನೆಯಲ್ಲಿ ತೊಡಕು ಬೇರೆ. ನಮ್ಮ ಜಿಲ್ಲೆಯ ಕಾಲೇಜುಗಳೆಲ್ಲ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1998ರಲ್ಲಿ ಇಂಜಿನಿಯರಿಂಗಿಗೆ ವಿಟಿಯು ಬಂತು, 2010ರಲ್ಲಿ ಭೂತರಾಮನಹಟ್ಟಿಯ ಗುಡ್ಡದ ಮೇಲೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಕಾಲೇಜಿನ ಕಟ್ಟಡ ಇದ್ದಲ್ಲೇ ಇದ್ದರೂ ಒಳಗಿನವರ ಕುಲಪತಿ ಬದಲಾದರು. "ನಂದು ಧಾರವಾಡ, ಮಗಂದು ವಿಟಿಯು, ಮಗಳದು ರಾಣಿ ಚನ್ನಮ್ಮ" ಎಂದು ಯಜಮಾನ ಬೆರಳು ಮಡಚಿದ. "ಒಂದ ಮನ್ಯಾಗ ಮೂರು ವಿಸಿ. ಒಬ್ಬರಿಗೆ ಕೊಟ್ಟರ ಉಳಿದ ಇಬ್ಬರು ಸಿಟ್ಟಾಗೂದಿಲ್ಲೇನ್ರಿ?" ಮೂವರನ್ನೂ ಸಿಟ್ಟು ಮಾಡದಿರುವ ದಾರಿ ಅವನಿಗೆ ಆಗಲೇ ಗೊತ್ತಿತ್ತು.

ಜಾಂಬೋಟಿಯ ಕಡೆಗೆ ಹೋದರೆ ಮರಾಠಿ. ಗಡಿಯ ವಿಷಯದಲ್ಲಿ ಏನೇ ಇರಲಿ, ಕೊಡದಿರುವ ವಿಷಯದಲ್ಲಿ ತಾಲೂಕಿನ ಎರಡೂ ಬದಿ ಒಂದೇ ಮನಸ್ಸು.

ಅಮೆರಿಕದಲ್ಲಿರುವ ಸಹಪಾಠಿ ಡಾಲರ್ ಕಳಿಸಲು ತಯಾರಿದ್ದ. ಆದರೆ ಅವನು ಅಲ್ಲಿಯ ಪೌರನಾಗಿಬಿಟ್ಟಿದ್ದಾನೆ. ಅಂಥವರ ದುಡ್ಡು ಕಾನೂನಿನ ಕಣ್ಣಿಗೆ ವಿದೇಶಿ ವಂತಿಗೆ, ನಮ್ಮ ಸಂಘಕ್ಕೆ ಅದರ ನೋಂದಣಿಯಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ನಡೆಯುತ್ತಿತ್ತು. ಹೀಗೆ ಮೊಣಕಾಲೂ ಹೋಯಿತು. ಕುಲಪತಿಗಳು ಅನಿವಾರ್ಯವಾಗಿ ಕುರ್ಚಿಯಲ್ಲಿ ಕೂತರು.

ಬೆಳಗಾವಿಗೆ ಬಸ್ಸಿನಲ್ಲಿ ಹೋಗುವಾಗ ಯೋಚಿಸಿದೆ. ಈ ಊರಿನಲ್ಲಿ ಕೊಟ್ಟವರು ಫೋಟೋ ಆಗಲಿಲ್ಲ, ಕಟ್ಟಡವೇ ಆದರು. 1916ರಲ್ಲಿ ಸಪ್ತರ್ಷಿಗಳೆನಿಸಿಕೊಂಡ ಏಳು ಮಂದಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಅದರ ಹೈಸ್ಕೂಲಿನ ಹೆಸರಿನಲ್ಲಿ ಗಿಲಗಂಚಿ, ಅರಟಾಳ ಇಬ್ಬರೂ ಇದ್ದಾರೆ. ಆಸ್ತಿಯನ್ನೆಲ್ಲ ಶಿಕ್ಷಣಕ್ಕೆ ಬರೆದಿಟ್ಟ ಶಿರಸಂಗಿ ಲಿಂಗರಾಜ ದೇಸಾಯರು 1933ರಲ್ಲಿ ಕಾಲೇಜಾದರು. ವಂಟಮುರಿಯ ರಾಜಾ ಲಖಮಗೌಡರು ವಿಜ್ಞಾನ ಕಾಲೇಜಾಗಿ ನಿಂತಿದ್ದಾರೆ. ಕುಲಪತಿ ಪಾಪ, ಪಗಾರದ ಮೇಲೆ ಬದುಕಿದವರು. ತಾವು ಕೊಟ್ಟು ಗೋಡೆಯಾಗಲು ಆಗಲಿಲ್ಲ, ಆದ್ದರಿಂದ ಬೇರೆಯವರು ಕೊಟ್ಟು ಅವರನ್ನು ಗೋಡೆಗೆ ಹಾಕಬೇಕು.

ಇದಕ್ಕೆ ಅಪವಾದ ಡಿ.ಸಿ. ಪಾವಟೆ. ಗೋಕಾಕ ತಾಲೂಕಿನ ಮಮದಾಪುರದ ಹುಡುಗ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. 1954ರಿಂದ 1967ರವರೆಗೆ ಧಾರವಾಡದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲರು. ಕ್ಯಾಂಪಸ್ಸಿನ ಹೆಸರೇ ಪಾವಟೆ ನಗರ. ಧಾರವಾಡಕ್ಕೆ ಅರ್ಜಿ ಹಾಕಿದವನೆಲ್ಲ ಲಕೋಟೆಯ ಮೇಲೆ ಅವರ ಹೆಸರು ಬರೆದ. ಪಟ್ಟಿಯಿಲ್ಲ, ಪಾವತಿಯಿಲ್ಲ, ಚೌಕಟ್ಟಿನ ಖರ್ಚಿಲ್ಲ.

ಪಾವಟೆಯವರು ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿನ ಊಟದ ಪಡಸಾಲೆಯಲ್ಲಿ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ ಆಲಿವರ್ ಕ್ರಾಮ್‌ವೆಲ್‌ನ ಚಿತ್ರವಿದೆ. ಅರಸನ ತಲೆ ತೆಗೆಸಿದ ಆಸಾಮಿ. ಊಟದಲ್ಲಿ ರಾಜಮನೆತನದ ಹೆಸರಿನಲ್ಲಿ ಗ್ಲಾಸು ಎತ್ತುವಾಗ ಆ ಚಿತ್ರದ ಮುಂದೆ ಪರದೆ ಎಳೆಯುವುದು ಅಲ್ಲಿಯ ರೂಢಿ. ಇದು ನನಗೆ ಬಹಳ ಹಿಡಿಸಿತು. ಹೊಸ ಕುಲಪತಿ ಬಂದು "ಹಿಂದೆ ಇಲ್ಲಿ ಏನೂ ಆಗಿರಲಿಲ್ಲ" ಎಂದು ಭಾಷಣ ಮಾಡುವಾಗ ನಮ್ಮ ಚಿತ್ರಕ್ಕೂ ಒಂದು ಪರದೆ ಇದ್ದರೆ ಹಳಬರಿಗೆ ಸಂಕೋಚವಾಗುವುದಿಲ್ಲ. ಸಂಘದ ಕಾರ್ಯದರ್ಶಿಗೆ ಹೇಳಿದೆ. "ಪರದೆಗೆ ಬ್ಯಾರೆ ಪಟ್ಟಿ ಆಗತೈತ್ರಿ" ಎಂದರು.

ಈಗ ಉಳಿದದ್ದು ಕಬ್ಬು. ಅರ್ಧ ಪುಸ್ತಕದಲ್ಲಿ ಹೆಸರಿನ ಮುಂದೆ "ಬಿಲ್ ಬಂದ ಮ್ಯಾಲ" ಎಂದೇ ಬರೆದುಕೊಂಡಿದ್ದೇನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ರೊಕ್ಕ ಸಲ್ಲಬೇಕು. ಆದೇಶ ಕಾಗದದಲ್ಲಿದೆ, ಕಬ್ಬು ಫ್ಯಾಕ್ಟರಿಯಲ್ಲಿದೆ, ರೈತ ಕಟ್ಟೆಯ ಮೇಲಿದ್ದಾನೆ. ಒಬ್ಬನಂತೂ ನನಗೇ ಧೈರ್ಯ ಹೇಳಿದ: "ನಿಮ್ಮ ಸಾಹೇಬರ ಕೈ ನನ್ನ ಕಡೆ ಇರಲಿ ಮಾಸ್ತರ. ಬಿಲ್ ಬರ್ಲಿ, ಎರಡೂ ಕೈ ಬರಸೂಣು."

ಆ ಭರವಸೆಯ ಮೇಲೆ ಚಿತ್ರಗಾರರಿಗೆ ಫೋನು ಮಾಡಿ, ಸದ್ಯಕ್ಕೆ ಎದೆಮಟ್ಟಕ್ಕೆ ನಿಲ್ಲಿಸಿರಿ, ಗೌನಿನ ಎರಡನೇ ಗುಂಡಿ ದಾಟಬೇಡಿ ಎಂದೆ.

"ಕಾಳಜಿ ಬ್ಯಾಡ್ರಿ. ಕ್ಯಾನ್ವಾಸ್ ಮೊದಲಿನ ಅಳತೀದs ತಂದೇನಿ. ಕೆಳಗ ಜಾಗಾ ಬಿಟ್ಟಿರ್ತೇನಿ, ರೊಕ್ಕ ಬಂದಂಗ ಸಾಹೇಬರನ್ನ ಇಳಸ್ಕೋತ ಹೋಗೂಣು."