ಅಭಾವ ಚತುಷ್ಟಯ: ಕೆಟ್ಟುನಿಂತ ಸೂಪರ್‌ಹೀರೊ ಚಿತ್ರಗಳು ಮತ್ತು ಬೆಂಗಳೂರು ಗ್ರಾಮಾಂತರದ ಅಭಿಮಾನಿ ಪಂಥಗಳು

ಪೀಠಿಕೆ

ಸೂಪರ್‌ಹೀರೊ ಎಂದರೆ ಯಾರು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡವನೇ ಸೂಪರ್‌ಹೀರೊ ಎಂಬ ಪ್ರಾಚೀನ ಲಕ್ಷಣದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ ಎರಡೂ ದೋಷಗಳಿವೆ. ಬ್ಯಾಟ್‌ಮ್ಯಾನ್ ಈಚೆಗೆ ಹಾಗೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾನೆ, ಇದು ಅವ್ಯಾಪ್ತಿ. ಪೈಜಾಮದ ಮೇಲೆ ಮಖಮಲ್ಲಿನ ಚಡ್ಡಿ ಏರಿಸುವ ಹಳ್ಳಿ ನಾಟಕದ ಭೀಮನಿಗೂ ಅದು ತಗಲುತ್ತದೆ, ಇದು ಅತಿವ್ಯಾಪ್ತಿ. ಆದರೆ ಭೀಮ ಸೂಪರ್‌ಹೀರೊ ಅಲ್ಲ ಎಂದು ಎದ್ದುನಿಂತು ಹೇಳುವ ಧೈರ್ಯ ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲದಿರುವುದರಿಂದ ಎರಡನೆಯ ದೋಷವನ್ನು ಗುಣವೆಂದೇ ಸ್ವೀಕರಿಸಲಾಗಿದೆ. ಪ್ರಸ್ತುತ ಪ್ರಬಂಧದ ಲಕ್ಷಣ ಸರಳ: ಯಾರ ಕಟೌಟಿನ ನೆತ್ತಿಗೆ ಹಾಲು ಸುರಿಯಲು ಏಣಿ ಬೇಕಾಗುತ್ತದೋ ಅವನೇ ಸೂಪರ್‌ಹೀರೊ.

ಸೂಪರ್‌ಹೀರೊ ಅಮೆರಿಕದ ಸರಕಲ್ಲವೇ ಎಂದು ಪೂರ್ವಪಕ್ಷದವರು ಕೇಳಬಹುದು. ರಿಚರ್ಡ್ ಡಾನರ್ ನಿರ್ದೇಶನದ ‘ಸೂಪರ್‌ಮ್ಯಾನ್’ ತೆರೆಗೆ ಬಂದದ್ದು 1978ರಲ್ಲಿ. ಅಷ್ಟರಲ್ಲಿ ಅಣ್ಣಾವ್ರು, ಅಂದರೆ ರಾಜ್‌ಕುಮಾರ್, 1968ರ ‘ಜೇಡರ ಬಲೆ’ಯಿಂದ ಆರಂಭಿಸಿ ಎರಡೇ ವರ್ಷದಲ್ಲಿ ಮೂರು ಸಲ ಸಿಐಡಿ 999 ಆಗಿ, ನಡುವೆ ಒಂಬತ್ತು ವರ್ಷ ರಜೆ ತೆಗೆದುಕೊಂಡು, ಅದೇ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಮೂಲಕ ಕೆಲಸಕ್ಕೆ ಹಾಜರಾಗಿದ್ದರು. ಹಾಲಿವುಡ್ಡು ಇಂಥದ್ದಕ್ಕೆ ರೀಬೂಟ್ ಎಂಬ ಹೆಸರಿಟ್ಟು ಬೀಗುವ ಹೊತ್ತಿಗೆ ನಾವು ಅದನ್ನು ಸದ್ದಿಲ್ಲದೆ ಮಾಡಿ ಮುಗಿಸಿದ್ದೆವು. ಪೂರ್ವಪಕ್ಷ ಬಿತ್ತು.

ಉಳಿಯುವ ಪ್ರಶ್ನೆ ಒಂದೇ. ಚಿತ್ರ ಎರಡೂವರೆ ಗಂಟೆಯದು. ಆ ಚಿತ್ರ ಹೇಗೆ ಕೆಟ್ಟಿತು, ಯಾಕೆ ನಿಂತಿತು, ಯಾವಾಗ ಮತ್ತೆ ಬರುತ್ತದೆ ಎಂಬ ಮಾತು ಮಾತ್ರ ಇಪ್ಪತ್ತು ವರ್ಷ ನಡೆಯುತ್ತದೆ. ಇದು ಏಕೆ?

ಪಂಥಗಳು

ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕು, ಹಾಗಾಗಿ ನಾಲ್ಕು ಪಂಥ.

ದೊಡ್ಡಬಳ್ಳಾಪುರ ಪಂಥ ಪವರ್‌ಲೂಮುಗಳ ನಡುವೆ ಬೆಳೆದದ್ದು. ಮಗ್ಗದ ಸದ್ದಿನಲ್ಲಿ ಪಕ್ಕದವನಿಗೆ ಮಾತು ಕೇಳಿಸಬೇಕಾದರೆ ಕೂಗಲೇಬೇಕು. ಪಾಳಿ ಮುಗಿಸಿ ಟೀ ಅಂಗಡಿಗೆ ಬಂದ ಮೇಲೂ ಆ ಸ್ವರ ಇಳಿಯುವುದಿಲ್ಲ. ಪರ ಊರಿನವರು ಅದನ್ನು ಜಗಳವೆಂದು ತಿಳಿದು ಬಿಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡದ್ದುಂಟು. ಎಲ್ಲಿ ಎಳೆ ಕಡಿದಿದೆ, ಎಲ್ಲಿ ಗಂಟು ಹಾಕಿದ್ದಾರೆ ಎಂಬುದನ್ನು ಸೀರೆಯಲ್ಲಿ ಹಿಡಿದಂತೆ ಸಿನಿಮಾದಲ್ಲೂ ಹಿಡಿಯುವುದು ಇವರ ಹೆಚ್ಚುಗಾರಿಕೆ.

ದೇವನಹಳ್ಳಿ ಪಂಥದಲ್ಲಿ ಏರ್‌ಪೋರ್ಟ್ ಟ್ಯಾಕ್ಸಿ ಚಾಲಕರದೇ ಮೇಲುಗೈ. ಯಾವುದು ಹಾರಿ ಬಂದರೂ ‘ಎಷ್ಟು ಲೇಟು?’ ಎಂದು ಕೇಳುವುದು ಇವರ ವಿಮರ್ಶಾ ವಿಧಾನ. ಸೂಪರ್‌ಮ್ಯಾನ್ ಹಾರುತ್ತಾನೆ ಎಂಬುದು ಇವರಿಗೆ ಸುದ್ದಿಯೇ ಅಲ್ಲ.

ಹೊಸಕೋಟೆ ಪಂಥ ಬೆಳಗಿನ ಜಾವದ ದಮ್ ಬಿರಿಯಾನಿ ಕ್ಯೂನಲ್ಲಿ ಹುಟ್ಟಿತು. ವಾದ ಗಂಭೀರ, ಆಳ, ಬಹುಮುಖಿ. ಆದರೆ ತಟ್ಟೆ ಕೈಗೆ ಬಂದ ಕೂಡಲೇ ಎಲ್ಲರೂ ಮೌನಿಗಳಾಗುವುದರಿಂದ ಈ ಪಂಥದ ಒಂದು ಸಿದ್ಧಾಂತವೂ ಪೂರ್ಣಗೊಂಡಿಲ್ಲ.

ನೆಲಮಂಗಲ ಪಂಥದ ಬಳಿ ಬ್ರಹ್ಮಾಸ್ತ್ರವಿದೆ. ನಟಿ ಲೀಲಾವತಿ ಆ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡಿದ್ದು, ಊರಿಗೆ ಆಸ್ಪತ್ರೆ ಕಟ್ಟಿಸಿ, 2023ರ ಡಿಸೆಂಬರಿನಲ್ಲಿ ತೀರಿಕೊಂಡವರು. “ಲೋಕ ಉಳಿಸ್ದೋರ್ನ ತೆರೆ ಮೇಲೆ ಬೇಕಾದಷ್ಟು ನೋಡಿದೀವಿ ಕಣಣ್ಣ. ಊರಿಗೆ ಆಸ್ಪತ್ರೆ ಕಟ್ಸಿದ್ ಹೀರೊ ಯಾವನು ತೋರ್ಸು” ಎಂಬುದು ಇವರ ಕೊನೆಯ ಮಾತು. ಮಿಕ್ಕ ಪಂಥಗಳಿಂದ ಇದಕ್ಕೆ ಇನ್ನೂ ಉತ್ತರ ಬರಬೇಕಾಗಿದೆ.

ಪ್ರಮಾಣ ವಿಚಾರ

ಮೂರು ಪ್ರಮಾಣಗಳನ್ನು ಎಲ್ಲ ಪಂಥಗಳೂ ಒಪ್ಪುತ್ತವೆ. ಫಸ್ಟ್ ಡೇ ಫಸ್ಟ್ ಶೋ ನೋಡಿದ್ದು ಪ್ರತ್ಯಕ್ಷ. ಪೋಸ್ಟರಿನಲ್ಲಿ ಬಿಡುಗಡೆಯ ತಾರೀಖಿನ ಬದಲು ‘ಶೀಘ್ರದಲ್ಲಿ’ ಎಂದು ಕಂಡರೆ ದುಡ್ಡು ಮುಗಿದಿದೆ ಎಂದು ತಿಳಿಯುವುದು ಅನುಮಾನ. ಹೊಗೆ ಕಂಡಲ್ಲಿ ಬೆಂಕಿ. ಸಿನಿಮಾ ಮಂದಿಯ ಗಾಂಧಿನಗರದಲ್ಲಿ ಕೆಲಸಕ್ಕಿರುವ ಭಾವಮೈದುನ ಹೇಳಿದ್ದು ಶಬ್ದ. ಮೂರರಲ್ಲಿ ಪರಸ್ಪರ ವಿರೋಧ ಬಂದರೆ ಭಾವಮೈದುನನೇ ಪ್ರಬಲ.

ನಾಲ್ಕು ಅಭಾವಗಳು

ಅನ್ನಂಭಟ್ಟನ ತರ್ಕಸಂಗ್ರಹ ಏಳನೆಯ ಪದಾರ್ಥವಾಗಿ ಅಭಾವವನ್ನು ಹೇಳಿ ಅದನ್ನು ನಾಲ್ಕಾಗಿ ಒಡೆಯುತ್ತದೆ. ಗ್ರಂಥಕಾರನ ಎದುರಿಗಿದ್ದದ್ದು ಮಡಕೆ ಮಾತ್ರ. ಅವನು ಗಾಂಧಿನಗರ ನೋಡಿದ್ದರೆ ಉದಾಹರಣೆಗಳಿಗೆ ಅಷ್ಟು ಬಡತನ ಬರುತ್ತಿರಲಿಲ್ಲ.

*ಪ್ರಾಗಭಾವ.* ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ ಎನ್ನುತ್ತದೆ ಶಾಸ್ತ್ರ. ನಿರ್ಮಾಪಕರಿಗೆ ಇದೇ ಸಮಾಧಾನ. ದರ್ಶನ್ ದುರ್ಯೋಧನನಾದ ‘ಕುರುಕ್ಷೇತ್ರ’ಕ್ಕೆ 2017ರ ಆಗಸ್ಟಿನಲ್ಲಿ ಮುಹೂರ್ತ. ತೆರೆಗೆ ಬಂದದ್ದು 2019ರ ಆಗಸ್ಟ್ 9ಕ್ಕೆ. ಭೀಷ್ಮನಾಗಿದ್ದ ಅಂಬರೀಷ್ 2018ರ ನವೆಂಬರಿನಲ್ಲೇ ಹೋಗಿಬಿಟ್ಟಿದ್ದರು. ಯುದ್ಧ ನಡೆದದ್ದು ಹದಿನೆಂಟು ದಿನ, ಅದರ ಸಿನಿಮಾಕ್ಕೆ ಎರಡು ವರ್ಷ. “ಗ್ರಾಫಿಕ್ಸ್ ಆಗ್ತಾ ಐತಂತೆ” ಎಂಬ ವಾಕ್ಯ ಆ ಎರಡು ವರ್ಷ ದೊಡ್ಡಬಳ್ಳಾಪುರದಲ್ಲಿ ಎಷ್ಟು ಬಳಕೆಯಾಯಿತೆಂದರೆ, ಸೀರೆ ತಡವಾದದ್ದಕ್ಕೂ ಸಾಹುಕಾರರಿಗೆ ಅದನ್ನೇ ಹೇಳತೊಡಗಿದರಂತೆ.

*ಪ್ರಧ್ವಂಸಾಭಾವ.* ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಶ್ರೇಷ್ಠ ನಿದರ್ಶನ ಹೆನ್ರಿ ಕ್ಯಾವಿಲ್ ಮೀಸೆ. 2017ರ ‘ಜಸ್ಟೀಸ್ ಲೀಗ್’ ಇನ್ನೂ ಮುಗಿಯದಿದ್ದಾಗ ನಿರ್ದೇಶಕ ಝ್ಯಾಕ್ ಸ್ನೈಡರ್ ಹೊರಬಂದರು, ಜಾಸ್ ವ್ಹೀಡನ್ ಒಳಬಂದು ಹಲವು ದೃಶ್ಯಗಳನ್ನು ಮತ್ತೆ ಚಿತ್ರಿಸಿದರು. ಅಷ್ಟರಲ್ಲಿ ಸೂಪರ್‌ಮ್ಯಾನ್ ಪಾತ್ರಧಾರಿ ಕ್ಯಾವಿಲ್ ‘ಮಿಷನ್ ಇಂಪಾಸಿಬಲ್’ ಚಿತ್ರಕ್ಕೆಂದು ಮೀಸೆ ಬಿಟ್ಟಿದ್ದರು. ಆ ಚಿತ್ರದ ಕಂಪನಿ ಬೋಳಿಸಲು ಬಿಡಲಿಲ್ಲ. ಕೊನೆಗೆ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರು. ಮೇಲ್ದುಟಿ ಕಣಜ ಕಚ್ಚಿದ ಹಾಗೆ ಕಂಡಿತು. ಮೀಸೆ ಇಲ್ಲದ ರಾಜಕುಮಾರನಿಗೆ ಅಂಟಿನಿಂದ ಮೀಸೆ ಕೂರಿಸುವುದು ನಮ್ಮ ನಾಟಕಗಳಲ್ಲಿ ಎರಡು ನಿಮಿಷದ ಕೆಲಸ. ಇದ್ದ ಮೀಸೆ ತೆಗೆಯಲು ಲೋಕದ ಅತಿ ಬಲಾಢ್ಯನಿಗೆ ಆಗಲಿಲ್ಲ ಎಂಬುದನ್ನು ಹೊಸಕೋಟೆ ಪಂಥ ಇವತ್ತಿಗೂ ಕ್ಷಮಿಸಿಲ್ಲ.

ಕಪ್ಪು ಬಿಳುಪು ನಾಶವಾಗುವುದೂ ಇದೇ ವರ್ಗ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರ ಏಪ್ರಿಲಿನಲ್ಲಿ ಬಿಡುಗಡೆ ಮಾಡಿದರು. 1971ರ ‘ಕಸ್ತೂರಿ ನಿವಾಸ’ 2014ರ ನವೆಂಬರಿನಲ್ಲಿ ಬಣ್ಣ ಹಚ್ಚಿಕೊಂಡು ಬಂತು. ಹರಿಶ್ಚಂದ್ರ ಸೂಪರ್‌ಹೀರೊ ಹೇಗಾದಾನು ಎಂದರೆ, ಅವನಿಗಿರುವ ಒಂದೇ ಶಕ್ತಿ ಸತ್ಯ ಹೇಳುವುದು. ಸೈಟು ವ್ಯಾಪಾರ ನಡೆಯುವ ತಾಲ್ಲೂಕುಗಳಲ್ಲಿ ಇದು ಹಾರುವುದಕ್ಕಿಂತ ದೊಡ್ಡ ಅತಿಮಾನುಷ ಶಕ್ತಿ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಹರಿಶ್ಚಂದ್ರ ಒಂದು ತಿಂಗಳು ಮುಂಚೆ ಬಂದು, ಬಣ್ಣ ಬಣ್ಣವಾಗಿ ಕಾಣಿಸಿಕೊಂಡು, ಎಕರೆಯ ರೇಟು ಕೇಳಿ ಹೊರಟುಹೋದ ಎಂದು ಸ್ಥಳೀಯ ವಿದ್ವಾಂಸರು ಕಾರ್ಯಕಾರಣ ಸಂಬಂಧ ಕಲ್ಪಿಸುತ್ತಾರೆ. ಇದನ್ನು ಅಲ್ಲಗಳೆಯುವ ಪುರಾವೆ ಕಂದಾಯ ಇಲಾಖೆಯಲ್ಲೂ ಸಿಕ್ಕುವುದು ಕಷ್ಟ.

*ಅತ್ಯಂತಾಭಾವ.* ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇಲ್ಲ. ಅಣ್ಣಾವ್ರು ಮಾಡಬೇಕೆಂದುಕೊಂಡಿದ್ದ ‘ಭಕ್ತ ಅಂಬರೀಷ’ ಆಗಲೇ ಇಲ್ಲ. ಪವನ್ ಕುಮಾರ್ ನಿರ್ದೇಶನದಲ್ಲಿ ಅಪ್ಪು, ಅಂದರೆ ಪುನೀತ್ ರಾಜ್‌ಕುಮಾರ್, ನಟಿಸಬೇಕಿದ್ದ ‘ದ್ವಿತ್ವ’ದ ಪೋಸ್ಟರ್ 2021ರ ಜುಲೈನಲ್ಲಿ ಬಂತು, ಅಕ್ಟೋಬರಿನಲ್ಲಿ ಅಪ್ಪುವೇ ಹೋದರು. ಹಾಲಿವುಡ್ಡಿನಲ್ಲಿ ನಿಕೋಲಸ್ ಕೇಜ್ ಸೂಪರ್‌ಮ್ಯಾನ್ ಉಡುಪು ಹಾಕಿ ಅಳತೆ ನೋಡಿದ ‘ಸೂಪರ್‌ಮ್ಯಾನ್ ಲಿವ್ಸ್’ 1998ರಲ್ಲಿ ನಿಂತುಹೋಯಿತು. ಮಾಡಿ ಮುಗಿಸಿಯೂ ಬಿಡುಗಡೆಯೇ ಮಾಡದ 1994ರ ‘ಫೆಂಟಾಸ್ಟಿಕ್ ಫೋರ್’ ಯಾವ ಅಭಾವಕ್ಕೆ ಸೇರಬೇಕೆಂಬ ಬಗ್ಗೆ ವಿವಾದವಿದೆ. ಕುಂಬಳಕಾಯಿ ಒಡೆದ ಮೇಲೆ ಅದು ಚಿತ್ರವೇ ಸರಿ ಎಂಬುದು ಗಾಂಧಿನಗರದ ಸಾಂಪ್ರದಾಯಿಕ ನಿಲುವು. ಈ ವರ್ಗದ ಚಿತ್ರಗಳ ವೈಶಿಷ್ಟ್ಯವೆಂದರೆ ಇವುಗಳಲ್ಲಿ ಒಂದಕ್ಕೂ ಕೆಟ್ಟ ಇಂಟರ್‌ವಲ್ ಇಲ್ಲ, ಲ್ಯಾಗ್ ಇಲ್ಲ, ಬೇಡದ ಐಟಂ ಸಾಂಗ್ ಇಲ್ಲ.

*ಅನ್ಯೋನ್ಯಾಭಾವ.* ಇದು ಅದಲ್ಲ, ಅದು ಇದಲ್ಲ. ವಿಷ್ಣುವರ್ಧನ್ ರಾಮಾಚಾರಿಯಾದ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದು. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30. ಕೋಡಿ ರಾಮಕೃಷ್ಣ ಅದೇ ಹೆಸರಿನ ಚಿತ್ರದಲ್ಲಿ ಗ್ರಾಫಿಕ್ಸ್‌ನಿಂದ ಅವರನ್ನು ಮತ್ತೆ ತೆರೆಗೆ ತಂದದ್ದು 2016ರಲ್ಲಿ. ಹಳೆಯ ‘ನಾಗರಹಾವು’ 2018ರಲ್ಲಿ ಹೊಸ ಶಬ್ದ ಜೋಡಿಸಿಕೊಂಡು ತಾನೇ ಬಂತು. ಚಿತ್ರದುರ್ಗದ ಬಂಡೆ ಮೇಲೆ ನಿಂತ ರಾಮಾಚಾರಿಗೆ ಕಂಪ್ಯೂಟರ್ ಬೇಕಿರಲಿಲ್ಲ ಎಂಬುದು ಹಿರಿಯರ ವಾದ. “ದಾದಾ ಬಂದ್ರಲ್ಲ, ಅಷ್ಟು ಸಾಕು ಬಿಡು ಗುರೂ” ಎಂಬುದು ಕಿರಿಯರ ವಾದ.

ಹಾಲಿವುಡ್ಡಿನಲ್ಲಿ ‘ಸೂಪರ್‌ಮ್ಯಾನ್ 2’ ಬಹುಪಾಲು ಮುಗಿದಿದ್ದಾಗ ಡಾನರ್ ಅವರನ್ನು ತೆಗೆದು ರಿಚರ್ಡ್ ಲೆಸ್ಟರ್ ಅವರನ್ನು ಕೂರಿಸಿದರು. ಡಾನರ್ ಆವೃತ್ತಿ 2006ರಲ್ಲಿ ಹೊರಬಂದಾಗ, ಚಿತ್ರೀಕರಿಸದೆ ಉಳಿದಿದ್ದ ಒಂದು ದೃಶ್ಯಕ್ಕೆ ನಟರ ಹಳೆಯ ಸ್ಕ್ರೀನ್ ಟೆಸ್ಟನ್ನೇ ಸೇರಿಸಬೇಕಾಯಿತು. ಒಂದೇ ಮಾತುಕತೆಯಲ್ಲಿ ನಾಯಕನ ತಲೆಗೂದಲು ಎರಡು ಥರ. ದೊಡ್ಡಬಳ್ಳಾಪುರದವರು ಹೇಳುವ ಗಂಟು ಇದೇ.

ಅಪ್ಪು ತೀರಿಕೊಂಡ ಮೇಲೆ ತೆರೆಕಂಡ ಅವರ ‘ಜೇಮ್ಸ್’ ವಿಷಯ ಬಂದಾಗ ಮಾತ್ರ ನಾಲ್ಕೂ ಪಂಥ ತರ್ಕ ಬಿಡುತ್ತವೆ. 2022ರ ಮಾರ್ಚ್ 17ಕ್ಕೆ ಅಣ್ಣ ಶಿವರಾಜ್‌ಕುಮಾರ್ ಕಂಠದಲ್ಲಿ ಬಂದ ಚಿತ್ರ ಏಪ್ರಿಲಿನಲ್ಲಿ ಅಪ್ಪು ಅವರದೇ ದನಿಯಲ್ಲಿ ಮತ್ತೆ ಬಂತು. ಯಾವುದು ಮೂಲ, ಯಾವುದು ಆವೃತ್ತಿ ಎಂದು ಕೇಳಿದ ಸಂಶೋಧಕರನ್ನು “ಎರಡೂ ನೋಡಿದೀವಿ, ಸುಮ್ಕಿರಿ” ಎಂದು ಕಳುಹಿಸಲಾಯಿತು.

ಕ್ಷೇತ್ರಕಾರ್ಯ

ಮೇಲಿನ ನಾಲ್ಕೂ ಅಭಾವಗಳನ್ನು ಒಂದೇ ರಾತ್ರಿ ನೋಡಬಯಸುವವರು ಬೇಸಿಗೆಯಲ್ಲಿ ಈ ಜಿಲ್ಲೆಯ ಯಾವುದಾದರೂ ಹಳ್ಳಿಗೆ ‘ಕುರುಕ್ಷೇತ್ರ’ ನಾಟಕಕ್ಕೆ ಹೋಗಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಟ್ಟಿರುತ್ತಾರೆ. ಸೀನರಿ, ಡ್ರೆಸ್ಸು, ಕಿರೀಟ ಎಲ್ಲ ಬಾಡಿಗೆಗೆ ಬಂದಿರುತ್ತವೆ. ಪಾತ್ರಗಳು ಚಂದಾ ಕೊಟ್ಟವರಿಗೆ; ಕೃಷ್ಣನ ಪಾತ್ರಕ್ಕೆ ಮೂವರು ಕೊಟ್ಟಿದ್ದರೆ ಮೂವರು ಕೃಷ್ಣರು. ಅರ್ಜುನ ದುರ್ಯೋಧನರು ನೆರವು ಕೇಳಲು ಬಂದಾಗ ಒಬ್ಬ, ಸಂಧಾನಕ್ಕೆ ಇನ್ನೊಬ್ಬ, ಗೀತೋಪದೇಶಕ್ಕೆ ಮತ್ತೊಬ್ಬ. 2021ರಲ್ಲಿ ಮೂವರು ಸ್ಪೈಡರ್‌ಮ್ಯಾನ್‌ಗಳು ಒಂದೇ ಚಿತ್ರದಲ್ಲಿ ಎದುರಾದರೆಂದು ಲೋಕವೇ ಕುಣಿಯಿತು. ನಮ್ಮ ಮೂವರು ಕೃಷ್ಣರು ಎದುರಾಗದಿರುವುದಕ್ಕೆ ಕಾರಣ ಬಾಡಿಗೆಗೆ ತಂದ ಕಿರೀಟ ಒಂದೇ ಇರುವುದು. ಒಂದನೆಯ ಕೃಷ್ಣ ಸೈಡ್ ವಿಂಗಿಗೆ ಬಂದು ಬೆವರು ಒರೆಸಿಕೊಂಡು ಕಿರೀಟ ಬಿಚ್ಚುವವರೆಗೆ ಎರಡನೆಯವನು ಟವೆಲು ಸುತ್ತಿಕೊಂಡು ಕಾಯುತ್ತಾನೆ. ಮೊದಲನೆಯವನು ಸಣಕಲ, ಎರಡನೆಯವನು ಪೈಲ್ವಾನ, ಮೂರನೆಯವನಿಗೆ ಕನ್ನಡಕ. ಎದುರಿಗೆ ಕುಳಿತ ಅಜ್ಜಿಗೆ ಯಾವ ಗೊಂದಲವೂ ಇಲ್ಲ. ನವಿಲುಗರಿ ಯಾರ ತಲೆಯ ಮೇಲಿದೆಯೋ ಅವನು ಕೃಷ್ಣ.

ಸಂಧಾನದ ನಡುವೆ ದುರ್ಯೋಧನ ತೊಡೆ ತಟ್ಟಿ ಗರ್ಜಿಸುತ್ತಿರುವಾಗ ಅವನ ಭಾವಮೈದುನ ಹಾರ ಹಿಡಿದು ವೇದಿಕೆ ಏರುತ್ತಾನೆ. ಸಿಟ್ಟು ಅಲ್ಲಿಗೇ ನಿಲ್ಲುತ್ತದೆ. ಕೌರವೇಶ್ವರ ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡು, ನೂರಾ ಒಂದು ರೂಪಾಯಿ ಮೈಕಿನಲ್ಲಿ ಘೋಷಣೆಯಾದ ಮೇಲೆ, ನಿಂತ ಅಕ್ಷರದಿಂದಲೇ ಮತ್ತೆ ಗರ್ಜಿಸುತ್ತಾನೆ. ಅಭಿಮನ್ಯು ಸತ್ತು ಬಿದ್ದಾಗ ಜನ ‘ಒನ್ಸ್ ಮೋರ್’ ಎಂದರೆ ಅವನು ಎದ್ದು, ಮೈಕಿನ ಹತ್ತಿರ ಬಂದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಾನೆ.

ಮರುಬಿಡುಗಡೆಯ ಮೂಲ ಇಲ್ಲಿದೆ. ಉಪೇಂದ್ರ ನಿರ್ದೇಶನದ 1995ರ ‘ಓಂ’ ಐನೂರಕ್ಕೂ ಹೆಚ್ಚು ಸಲ ಮತ್ತೆ ತೆರೆಕಂಡಿದೆ. 2002ರ ‘ಅಪ್ಪು’ 2025ರ ಮಾರ್ಚಿನಲ್ಲಿ ಮತ್ತೆ ಬಂದಿದೆ. ಅಭಿಮಾನಿಗಳ ಹೋರಾಟದಿಂದ 2021ರಲ್ಲಿ ಹೊರಬಂದ ‘ಜಸ್ಟೀಸ್ ಲೀಗ್’ನ ಸ್ನೈಡರ್ ಆವೃತ್ತಿ 242 ನಿಮಿಷದ್ದೆಂದು ಹೊರದೇಶದವರು ಬೆರಗಾದರು. ನಮ್ಮಲ್ಲಿ ಅಷ್ಟು ಹೊತ್ತಿಗೆ ಸಂಧಾನವೇ ಮುಗಿದಿರುವುದಿಲ್ಲ.

ಸಿದ್ಧಾಂತ

ಎಲ್ಲವೂ ಸರಿಯಾಗಿ ಮುಗಿದ ಚಿತ್ರ ನಿರ್ಮಾಪಕನದು. ಅದರಲ್ಲಿ ಅಭಿಮಾನಿಗೆ ಮಾಡಲು ಕೆಲಸವಿಲ್ಲ. ಶಿಳ್ಳೆ ಹೊಡೆದು ಎದ್ದು ಬರಬೇಕು. ನಿರ್ದೇಶಕ ಬಿಟ್ಟುಹೋದ, ನಾಯಕ ತೀರಿಹೋದ, ದುಡ್ಡು ಮುಗಿದುಹೋದ ಚಿತ್ರದಲ್ಲಿ ಮಾತ್ರ ಅವನಿಗೆ ಜಾಗವಿದೆ. ಕೊರತೆ ಎಷ್ಟಿದೆಯೋ ಅಷ್ಟು ಪಾಲು ಅವನದು. ಆದ್ದರಿಂದಲೇ ಚಿತ್ರ ಮಾಡಿದವರು ಮರೆತ ಮೇಲೂ ಅವನು ಮರೆಯುವುದಿಲ್ಲ, ಮತ್ತು ಆಗದ ಚಿತ್ರಕ್ಕೆ ಅವನು ಕೊಡುವಷ್ಟು ಮಾರ್ಕ್ಸು ಆದ ಚಿತ್ರಕ್ಕೆ ಕೊಡುವುದಿಲ್ಲ. ಪುನರ್‌ನಿರ್ಮಾಣಕ್ಕೆ ಕೈಹಾಕುವವರು ಇದನ್ನು ಗಮನಿಸಿ, ಬಣ್ಣ ಹಚ್ಚುವುದಾದರೆ ಹಚ್ಚಲಿ, ಶಬ್ದ ಕೂರಿಸುವುದಾದರೆ ಕೂರಿಸಲಿ, ಮೀಸೆಗೆ ಮಾತ್ರ ಕೈಹಾಕದಿರಲಿ.

ಈ ಪ್ರಬಂಧಕ್ಕೆ ಆಕ್ಷೇಪಣೆಗಳಿದ್ದಲ್ಲಿ ಸ್ವಾಗತ. ಆದರೆ ಟಿಕೆಟ್ ತೆಗೆದುಕೊಂಡು ಟಾಕೀಸಿನಲ್ಲಿ ಕೂತು ನೋಡಿ ಬಂದವರು ಮಾತ್ರ ವಾದಕ್ಕೆ ಬರಬೇಕು. ಪೈರಸಿ ಕಾಪಿ ನೋಡಿದವರ ತರ್ಕವನ್ನು ನಾಲ್ಕು ತಾಲ್ಲೂಕಿನ ಯಾವ ಪಂಥವೂ ಪುರಸ್ಕರಿಸುವುದಿಲ್ಲ.