ಊಟಕ್ಕೆ ಬಂದ ಸೀಸರ್‌ಗಳು

ವೇಷದ ಪಾರ್ಟಿಗೆ ಈ ಸಲ ರೋಮ್ ಎಂದು ಗೊತ್ತಾಗುವುದೇ ತಡ, ಗಂಡಸರೆಲ್ಲ ಚಕ್ರವರ್ತಿಗಳಾಗಿಬಿಡುತ್ತಾರೆ. ಅಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ರೊಟ್ಟಿ ಸುಡುವವನಿದ್ದ, ಎಣ್ಣೆ ಮಾರುವವನಿದ್ದ, ಬಟ್ಟೆ ಒಗೆಯುವವನಿದ್ದ. ಆದರೆ ಬಾಡಿಗೆ ಉಡುಪಿನ ಅಂಗಡಿಯಲ್ಲಿ "ನನಗೊಂದು ಅಗಸನ ವೇಷ ಕೊಡಿ" ಎಂದವರನ್ನು ನಾನಂತೂ ಕಂಡಿಲ್ಲ. ಕೇಳದಿರುವುದೇ ಒಳ್ಳೆಯದು. ರೋಮಿನ ಅಗಸರು ಬಟ್ಟೆಗಳನ್ನು ಹಳೆಯ ಮೂತ್ರದಲ್ಲಿ ಹಾಕಿ ತುಳಿದು ಕೊಳೆ ತೆಗೆಯುತ್ತಿದ್ದರು. ಆ ಮೂತ್ರದ ಮೇಲೂ ವೆಸ್ಪೇಸಿಯನ್ ಚಕ್ರವರ್ತಿ ತೆರಿಗೆ ಹಾಕಿದ್ದ. ಪಾತ್ರದೊಳಗೆ ಪೂರ್ತಿ ಇಳಿದುಬಿಡುವ ನಟರಿಗೆ ಇದು ಹೇಳಿಸಿದ ವೇಷವಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗಳು ಡಿಸೆಂಬರಿನಲ್ಲಿ ಫೋನ್ ಮಾಡಿದ್ದಳು. "ದೊಡ್ಡಪ್ಪ, ಆಫೀಸ್ ಪಾರ್ಟಿಗೆ ಎಲ್ಲರೂ ಟೋಗಾ ಹಾಕ್ಕೊಂಡು ಬರಬೇಕಂತೆ. ಬೆಡ್‌ಶೀಟ್ ಸುತ್ಕೊಂಡ್ರೆ ಸಾಕಲ್ವಾ?"

"ಬೇಡ ಕಣಮ್ಮ" ಎಂದೆ. ಕಾರಣ ಹೇಳಲು ದೊಡ್ಡಪ್ಪನಾದವನಿಗೆ ಕೊಂಚ ಸಂಕೋಚ. ಟೋಗಾ ರೋಮಿನ ಗಂಡಸರ ಉಡುಪು. ದೊಡ್ಡ ಹೆಂಗಸೊಬ್ಬಳು ಅದನ್ನುಟ್ಟಳೆಂದರೆ ಒಂದೋ ವೇಶ್ಯೆ, ಇಲ್ಲವೇ ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳು ಎಂದು ಅಲ್ಲಿನವರ ಲೆಕ್ಕ. ಮರ್ಯಾದಸ್ಥ ಗೃಹಿಣಿಗೆ ಪಾದದವರೆಗೆ ಇಳಿಯುವ ಸ್ಟೋಲಾ, ಹೊರಗೆ ಹೊರಟರೆ ಮೈಮೇಲೊಂದು ಪಲ್ಲಾ. ಪಲ್ಲಾ ಎಂದರೆ ಉದ್ದನೆಯ ಹೊದಿಕೆ; ತಲೆಯ ಮೇಲೆ ಎಳೆದುಕೊಂಡರೆ ಸಾಕ್ಷಾತ್ ಸೆರಗೇ. ಇಷ್ಟನ್ನು ಸುತ್ತಿ ಬಳಸಿ ಹೇಳಿದೆ. "ಅಯ್ಯೋ, ನಮ್ಮ ಮ್ಯಾನೇಜರ್ ಮೇಡಂ ಆಗಲೇ ಟೋಗಾ ತರಿಸಿಬಿಟ್ಟಿದ್ದಾರೆ, ಹೇಳ್ಲಾ?" ಎಂದಳು. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೇಳಬೇಡ ಎಂದೆ.

ಈ ಬೆಡ್‌ಶೀಟಿನ ಹುಚ್ಚನ್ನು ಊರೂರಿಗೆ ಹಬ್ಬಿಸಿದ್ದು 1978ರ 'ಅನಿಮಲ್ ಹೌಸ್' ಎಂಬ ಅಮೆರಿಕನ್ ಸಿನಿಮಾ. ಅದರಲ್ಲಿ ಕಾಲೇಜು ಹುಡುಗರು ಹಾಸಿಗೆಯ ಬಟ್ಟೆ ಸುತ್ತಿಕೊಂಡು ಕುಣಿದರು; ಮುಂದೆ ಅಲ್ಲಿನ ಹಾಸ್ಟೆಲುಗಳಲ್ಲಿ ಅದೇ ಸಂಪ್ರದಾಯವಾಯಿತು. ನಿಜವಾದ ಟೋಗಾಕ್ಕೆ ಜೋಡಿ ಮಂಚದ ಹೊದಿಕೆಯೂ ಅರ್ಧಕ್ಕೆ ಬರುವುದಿಲ್ಲ. ಚಕ್ರವರ್ತಿಗಳ ಕಾಲದ್ದು ಐದು ಮೀಟರಿಗೂ ಮಿಕ್ಕಿದ ಉಣ್ಣೆ ಬಟ್ಟೆ, ಒಂದು ಅಂಚು ದುಂಡಗೆ. ಅದರ ತುದಿಯನ್ನು ಎಡ ಹೆಗಲ ಮೇಲಿಂದ ಮುಂದಕ್ಕೆ ಪಾದದವರೆಗೆ ಇಳಿಬಿಟ್ಟು, ಉಳಿದದ್ದನ್ನು ಬೆನ್ನ ಹಿಂದಿನಿಂದ ಬಲಗೈ ಕೆಳಗೆ ತಂದು, ಎದೆಗೆ ಅಡ್ಡಲಾಗಿ ಮತ್ತೆ ಎಡ ಹೆಗಲಿಗೇ ಏರಿಸಬೇಕು. ಪಿನ್ನಿಲ್ಲ, ಗಂಟಿಲ್ಲ. ಜಾರದಂತೆ ನೋಡಿಕೊಳ್ಳುವುದು ಎಡಗೈಯ ಕೆಲಸ. ಅಂದರೆ ತಟ್ಟೆ ಹಿಡಿದರೆ ಲೋಟವಿಲ್ಲ, ಲೋಟ ಹಿಡಿದರೆ ತಟ್ಟೆಯಿಲ್ಲ. ನಿಂತು ತಿನ್ನುವ ಬಫೆ ಊಟಕ್ಕೆ ಇದಕ್ಕಿಂತ ಕೆಟ್ಟ ಉಡುಪನ್ನು ಯಾರೂ ಯೋಚಿಸಲಾರರು.

ರೋಮನ್ನರೂ ಯೋಚಿಸಿರಲಿಲ್ಲ. ಊಟದ ಹೊತ್ತಿಗೆ ಅವರು ಟೋಗಾ ಕಳಚಿಟ್ಟು, ಹಗುರವಾದ ಬಣ್ಣದ ಉಡುಪು ಹಾಕಿಕೊಂಡು ಒರಗುತ್ತಿದ್ದರು. ಡಿಸೆಂಬರ್ 17ಕ್ಕೆ ಶುರುವಾಗುತ್ತಿದ್ದ ಸ್ಯಾಟರ್ನೇಲಿಯಾ ಹಬ್ಬದಲ್ಲಂತೂ ಬೀದಿಯಲ್ಲೂ ಟೋಗಾಕ್ಕೆ ರಜೆ. ಬಿಡುಗಡೆಯಾದ ಗುಲಾಮರು ತೊಡುವ ಟೊಪ್ಪಿಗೆ ಎಲ್ಲರ ತಲೆಯ ಮೇಲೆ. ಟೋಗಾ ಪಾರ್ಟಿ ಎಂದರೆ ರೋಮಿನ ವಾಗ್ಮಿ ಸಿಸೆರೊಗೆ ಅರ್ಥವೇ ಆಗುತ್ತಿರಲಿಲ್ಲ. ಕರಿಕೋಟು ಹಾಕಿಕೊಂಡು ಈಜಲು ಬನ್ನಿ ಎಂದಂತಾಗುತ್ತಿತ್ತು. ಉಳಿದ ದಿನಗಳಲ್ಲೂ ಜನ ತಪ್ಪಿಸಿಕೊಳ್ಳುವವರೇ. ಟೋಗಾ ಇಲ್ಲದವರನ್ನು ಊರ ನಡುವಿನ ಚೌಕವಾದ ಫೋರಮ್ಮಿನೊಳಗೆ ಬಿಡಬೇಡಿ ಎಂದು ಚಕ್ರವರ್ತಿ ಅಗಸ್ಟಸ್ ಅಧಿಕಾರಿಗಳಿಗೆ ಅಪ್ಪಣೆ ಮಾಡಬೇಕಾಯಿತು. ಇಟಲಿಯ ಬಹುಪಾಲು ಊರುಗಳಲ್ಲಿ ಹೆಣಕ್ಕೆ ಮಾತ್ರ ಟೋಗಾ ಎಂದು ಕವಿ ಜುವೆನಾಲ್ ಗೇಲಿ ಮಾಡಿದ್ದಾನೆ.

ಚಕ್ರವರ್ತಿಯೇ ಆಗಬೇಕೆಂಬ ಹಟವಿದ್ದರೆ ಕನ್ನಡಿ ನೋಡಿ ಆರಿಸಿಕೊಳ್ಳುವುದು ಕ್ಷೇಮ. ತಲೆ ಬೋಳಾದವರಿಗೆ, ಪಟ್ಟ ಕಟ್ಟಿಕೊಳ್ಳದೆಯೂ ಮೆರೆದ ಜೂಲಿಯಸ್ ಸೀಸರ್ ಇದ್ದಾನೆ; ಸದಾ ಲಾರೆಲ್ ಎಲೆಯ ಕಿರೀಟ ಧರಿಸುವ ಹಕ್ಕು ಸಿಕ್ಕಾಗ ಅವನು ಹಿಗ್ಗಿದ್ದೇ ಬೋಳು ಮುಚ್ಚುತ್ತದೆಂದು. ಹೊಟ್ಟೆ ಬಂದವರಿಗೆ ವಿಟೆಲಿಯಸ್. ಆಳಿದ್ದು ಕೆಲವೇ ತಿಂಗಳು, ಆದರೆ ದಿನಕ್ಕೆ ಮೂರು ನಾಲ್ಕು ಔತಣ. ಗಡ್ಡ ಬಿಟ್ಟವರು ಹೇಡ್ರಿಯನ್‌ವರೆಗೆ ಕಾಯಬೇಕು. ಅವನಿಗಿಂತ ಹಿಂದಿನವರು ಸಾಮಾನ್ಯವಾಗಿ ಮುಖ ಬೋಳಿಸಿದವರೇ. ನಮ್ಮ ಯಶವಂತಪುರದ ನೆಲದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಮೇಲೆ ಅಗಸ್ಟಸ್, ಟೈಬೀರಿಯಸ್ ಇಬ್ಬರ ಕೆನ್ನೆಯೂ ನುಣ್ಣಗೆ.

ನೀರೋ ಆಗುವವರು ಮಾತ್ರ ಉಳಿದವರ ಮೇಲೆ ಕಣ್ಣಿಡಬೇಕು. ಶಂಖದ ಹುಳುವಿನಿಂದ ತೆಗೆಯುವ ಟೈರಿನ ಕೆನ್ನೇರಳೆ ಬಣ್ಣವನ್ನು ಇತರರು ಬಳಸಕೂಡದೆಂದು ಆತ ತಡೆದ. ಆಮೇಲೆ ತಾನೇ ಒಬ್ಬನನ್ನು ಬಿಟ್ಟು ಸಂತೆಯಲ್ಲಿ ಒಂದಿಷ್ಟು ಬಣ್ಣ ಮಾರಿಸಿ, ವ್ಯಾಪಾರಿಗಳ ಅಂಗಡಿಗಳನ್ನೆಲ್ಲ ಮುಚ್ಚಿಸಿದ. ತನ್ನ ಹಾಡು ಕೇಳಲು ಬಂದ ಹೆಂಗಸೊಬ್ಬಳು ಆ ಬಣ್ಣ ಉಟ್ಟಿದ್ದು ಕಂಡು, ಅವಳನ್ನು ಎಳೆಸಿ, ಬಟ್ಟೆಯ ಜತೆ ಆಸ್ತಿಯನ್ನೂ ಕಿತ್ತುಕೊಂಡನೆಂದು ಚಕ್ರವರ್ತಿಗಳ ಚರಿತ್ರೆಕಾರ ಸ್ಯೂಟೋನಿಯಸ್ ಬರೆಯುತ್ತಾನೆ. ಅಂಗಡಿಯ ಪಾಲಿಯೆಸ್ಟರ್ ಕೆನ್ನೇರಳೆಗೆ ಆ ಭಯವಿಲ್ಲ. ಅದು ಟೈರಿನದಲ್ಲವೆಂದು ಎಂಥ ನೀರೋಗೂ ಬಾಗಿಲಲ್ಲೇ ತಿಳಿಯುತ್ತದೆ.

ಇಂಗ್ಲೆಂಡಿನ ಡಿಸೆಂಬರ್ ಚಳಿಗೆ ಹೆದರುವ ನಮ್ಮ ಕಡೆಯ ಗಂಡಸರಿಗೆ ಅಗಸ್ಟಸನೇ ಸರಿ. ಚಳಿಗಾಲದಲ್ಲಿ ಅವನು ದಪ್ಪ ಟೋಗಾದ ಕೆಳಗೆ ನಾಲ್ಕು ಅಂಗಿ, ಅದರೊಳಗೆ ಉಣ್ಣೆಯ ಬನಿಯನ್ನು, ತೊಡೆಗೂ ಕಣಕಾಲಿಗೂ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಆದ್ದರಿಂದ ಥರ್ಮಲ್ ಇಣುಕಿತೆಂದು ಯಾರಾದರೂ ನಕ್ಕರೆ, ಚರಿತ್ರೆ ಓದಿಕೊಂಡು ಬನ್ನಿ ಎಂದು ಗಂಭೀರವಾಗಿ ಹೇಳಿ ಇನ್ನೊಂದು ಲೋಟ ಬಿಸಿ ಸೂಪು ತರಿಸಿಕೊಳ್ಳಬಹುದು.